ಒಂದು ಚಮಚದ ಲೆಕ್ಕ: ಸಕ್ಕರೆ ಕಾಯಿಲೆ ಕಸಿದುಕೊಂಡ ಕಂಠಗಳು

1997ರ ಅಕ್ಟೋಬರ್. ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಗಾಯಕ ಜಾನಿ ಕ್ಯಾಶ್ ಅವರ ಸಂಗೀತ ಕಛೇರಿ. ಗಿಟಾರ್ ಮೀಟುವ ಪಿಕ್ ಕೈಜಾರಿ ಕೆಳಗೆ ಬಿತ್ತು. ಹೆಕ್ಕಿಕೊಳ್ಳಲು ಬಗ್ಗಿದ ಕ್ಯಾಶ್ ಇನ್ನೇನು ಮುಗ್ಗರಿಸಿ ಬೀಳುವುದರಲ್ಲಿದ್ದರು. ಇದೂ ಒಂದು ತಮಾಷೆ ಇರಬೇಕೆಂದು ಸಭಿಕರು ನಕ್ಕರು. ನಗುವಂಥದ್ದೇನೂ ಇಲ್ಲ, ತನಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ಕ್ಯಾಶ್ ವೇದಿಕೆಯಿಂದಲೇ ಹೇಳಿದರು. ಸಭೆ ಸ್ತಬ್ಧವಾಯಿತು.

ಅದು ಪಾರ್ಕಿನ್ಸನ್ ಆಗಿರಲಿಲ್ಲ. ವೈದ್ಯರು ಸ್ವಲ್ಪ ಸಮಯದಲ್ಲೇ ಶೈ-ಡ್ರೇಗರ್ ಎಂಬ ಅಪರೂಪದ ನರರೋಗದ ಹೆಸರು ಹೇಳಿದರು. ಕೆಲವು ವರ್ಷಗಳ ನಂತರ ಅದನ್ನೂ ಹಿಂತೆಗೆದುಕೊಂಡು, ಇದು ಮಧುಮೇಹದಿಂದ ಬಂದ ನರಗಳ ಹಾನಿ ಎಂದು ತೀರ್ಮಾನಿಸಿದರು. 2003ರ ಸೆಪ್ಟೆಂಬರ್ 12ರಂದು ನ್ಯಾಶ್‌ವಿಲ್‌ನಲ್ಲಿ ಕ್ಯಾಶ್ ತೀರಿಕೊಂಡರು. ಆಗ ಹೊರಬಿದ್ದ ಹೇಳಿಕೆಯಲ್ಲಿ ಇದ್ದುದು ಅದೇ ಮಾಮೂಲಿ ಮಾತು: ಮಧುಮೇಹದ ತೊಡಕುಗಳಿಂದ ಉಸಿರಾಟದ ವೈಫಲ್ಯ.

ಸಾವಿನ ಸುದ್ದಿಗಳಲ್ಲಿ ಈ ‘ತೊಡಕು’ ಎಂಬ ಪದವನ್ನು ನಾವು ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಓದಿ ಮುಂದಕ್ಕೆ ಹೋಗುತ್ತೇವೆ. ಕ್ಯಾನ್ಸರ್ ಎಂದರೆ ಗಡ್ಡೆ, ಹೃದಯಾಘಾತ ಎಂದರೆ ಎದೆ ಹಿಡಿದುಕೊಂಡ ಮನುಷ್ಯ, ಹೀಗೆ ಒಂದು ಚಿತ್ರವಾದರೂ ಕಣ್ಣ ಮುಂದೆ ಬರುತ್ತದೆ. ಸಕ್ಕರೆ ಕಾಯಿಲೆಯ ಸಾವಿಗೆ ಅಂಥ ಚಿತ್ರವಿಲ್ಲ. ಅದು ತನ್ನ ಹೆಸರಿನಲ್ಲಿ ಕೊಲ್ಲುವುದೇ ಕಡಿಮೆ; ಕಿಡ್ನಿಯ ಹೆಸರಿನಲ್ಲಿ, ಪಾರ್ಶ್ವವಾಯುವಿನ ಹೆಸರಿನಲ್ಲಿ, ಕಾಲಿನ ಒಂದು ಹುಣ್ಣಿನ ಹೆಸರಿನಲ್ಲಿ ಕೊಲ್ಲುತ್ತದೆ. ‘ಅವರಿಗೆ ಶುಗರ್ ಇತ್ತಂತೆ’ ಎನ್ನುವುದು ನಮ್ಮಲ್ಲಿ ಸಾವಿನ ಮನೆಯಿಂದ ಹೊರಬರುವಾಗ ಚಪ್ಪಲಿ ಹುಡುಕುತ್ತಾ ಆಡುವ ಮಾತು. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಮನೆಗಳಲ್ಲೂ ಈ ರೋಗಕ್ಕೆ ಹಳೆಯ ಕಾಲದಿಂದ ಇರುವ ಹೆಸರು ‘ಶುಗರ್’ ಎಂದೇ. ನಾನಿಲ್ಲಿ ಹೇಳಹೊರಟಿರುವ ಸಂಗೀತಗಾರರಲ್ಲಿ ಹೆಚ್ಚಿನವರು ಕಪ್ಪು ಜನರ ಮನೆಗಳಲ್ಲೇ ಹುಟ್ಟಿದವರು.

ಮೊದಲು ಸಕ್ಕರೆಯ ಲೆಕ್ಕ ನೋಡೋಣ. ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಆರೋಗ್ಯವಂತರ ಬರಿಹೊಟ್ಟೆಯ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ ಇರುವ ಗ್ಲೂಕೋಸ್ 70ರಿಂದ 99 ಮಿಲಿಗ್ರಾಂ. ಗುಣಿಸಿ ನೋಡಿದರೆ ಇಡೀ ಮೈಯ ರಕ್ತದಲ್ಲಿ ಹರಿಯುತ್ತಿರುವ ಸಕ್ಕರೆ ಹೆಚ್ಚೆಂದರೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚ. ಬರಿಹೊಟ್ಟೆಯಲ್ಲಿ 126 ಮುಟ್ಟಿದರೆ ವೈದ್ಯರು ಮಧುಮೇಹ ಎನ್ನುತ್ತಾರೆ. ಅದು ಆರು ಗ್ರಾಂ ಚಿಲ್ಲರೆ. ಆರೋಗ್ಯಕ್ಕೂ ಕಾಯಿಲೆಗೂ ನಡುವಿನ ಅಂತರ ಒಂದು ಚಿಟಿಕೆ. ಮೀಟರಿನಲ್ಲಿ 300 ಕಂಡಾಗ ಆಗಿರುವುದು ಇಷ್ಟೇ: ಒಂದು ಚಮಚ ಇರಬೇಕಾದಲ್ಲಿ ಮೂರು ಚಮಚ ಇದೆ.

ಎರಡು ಇಡ್ಲಿಯ ಪಿಷ್ಟ ಜೀರ್ಣವಾದರೆ ಈ ಚಮಚದ ಹಲವು ಪಟ್ಟು ಗ್ಲೂಕೋಸ್ ಆಗುತ್ತದೆ. ಆದರೂ ಆರೋಗ್ಯವಂತರಲ್ಲಿ ಎರಡು ಮೂರು ಗಂಟೆಯೊಳಗೆ ಲೆಕ್ಕ ಮತ್ತೆ ಒಂದು ಚಮಚಕ್ಕೇ ಬಂದು ನಿಲ್ಲುತ್ತದೆ. ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ ಹೋಗಿ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳ ಬಾಗಿಲು ತೆರೆಸುತ್ತದೆ. ಸಕ್ಕರೆ ಒಳಗೆ ಹೋಗುತ್ತದೆ. ಟೈಪ್ 1ರಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುತ್ತದೆ. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ಬಾಗಿಲುಗಳು ಅದರ ಮಾತು ಕೇಳುವುದಿಲ್ಲ, ಬರಬರುತ್ತಾ ಗ್ರಂಥಿಯೂ ದಣಿಯುತ್ತದೆ.

ಇಷ್ಟನ್ನು ಶಾಲೆಯ ಪುಸ್ತಕವೂ ಹೇಳುತ್ತದೆ. ತೊಡಕು ಎಂಬ ಪದ ಬಿಡಿಸಿಕೊಳ್ಳುವುದು ಇದರ ಮುಂದಿನ ಮಾತಿನಲ್ಲಿ. ಎಲ್ಲ ಜೀವಕೋಶಗಳಿಗೂ ಇನ್ಸುಲಿನ್ ಕಾಯುವ ಬಾಗಿಲು ಇಲ್ಲ. ಕಣ್ಣಿನ ರೆಟಿನಾ, ಕಿಡ್ನಿಯ ಸೋಸುಜಾಲ, ನರಗಳು, ರಕ್ತನಾಳಗಳ ಒಳಪದರ ಇವೆಲ್ಲ ಅಪ್ಪಣೆ ಕಾಯದೆ ಸಕ್ಕರೆ ತೆಗೆದುಕೊಳ್ಳುತ್ತವೆ. ಹೊರಗೆ ಎಷ್ಟಿದೆಯೋ ಒಳಗೂ ಸುಮಾರಾಗಿ ಅಷ್ಟೇ. ಹೀಗಾಗಿ ಒಂದೇ ದೇಹದಲ್ಲಿ ಸ್ನಾಯುಗಳು ಸಕ್ಕರೆ ಸಿಗದೆ ಹಸಿದಿರುವಾಗಲೇ ಕಣ್ಣು, ಕಿಡ್ನಿ, ನರಗಳು ಸಕ್ಕರೆಯಲ್ಲಿ ನೆನೆಯುತ್ತಿರುತ್ತವೆ. ಒಳಗೆ ಹೆಚ್ಚಾದ ಸಕ್ಕರೆ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗಡುಸಾಗಿಸುತ್ತದೆ, ಕೂದಲೆಳೆಗಿಂತ ಸಪೂರವಾದ ನಾಳಗಳ ಗೋಡೆ ದಪ್ಪವಾಗುತ್ತದೆ, ಸೋರುತ್ತದೆ, ಕಟ್ಟಿಕೊಳ್ಳುತ್ತದೆ. ಇದಕ್ಕೆ ಹತ್ತು ವರ್ಷ ಹಿಡಿಯಬಹುದು, ಇಪ್ಪತ್ತೂ ಹಿಡಿಯಬಹುದು. ಅಷ್ಟು ಕಾಲ ನೋವೇ ಇರುವುದಿಲ್ಲ ಎಂಬುದು ಈ ರೋಗದ ಮೋಸ.

ಅಪರೂಪಕ್ಕೆ ಅದು ಕಾಯುವುದಿಲ್ಲ, ಒಂದೇ ಏಟಿಗೆ ಬೀಳಿಸುತ್ತದೆ. 1986ರ ಜುಲೈಯಲ್ಲಿ ಗ್ರೇಟ್‌ಫುಲ್ ಡೆಡ್ ತಂಡದ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಕ್ಯಾಲಿಫೋರ್ನಿಯಾದಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಐದು ದಿನ ಕೋಮಾ. ಸಕ್ಕರೆ ವಿಪರೀತ ಏರಿದಾಗ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕಲು ನೋಡುತ್ತದೆ, ಹೊರಹೋಗುವ ಸಕ್ಕರೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೈ ಒಣಗುತ್ತದೆ, ರಕ್ತ ಮಂದವಾಗುತ್ತದೆ, ಮಿದುಳು ಮಂಕಾಗುತ್ತದೆ. ‘ಶುಗರ್ ಬಂದರೆ ರಕ್ತ ಪಾಕದ ಹಾಗೆ ಆಗುತ್ತದೆ’ ಎನ್ನುವ ನಮ್ಮ ಹಿರಿಯರ ಮಾತು ಮೂರು ಚಮಚದ ಲೆಕ್ಕಕ್ಕೆ ಹೊಂದುವುದಿಲ್ಲ, ಆದರೆ ಇಂಥ ಕೋಮಾದ ಹೊತ್ತಿಗೆ ಪೂರ್ತಿ ಸುಳ್ಳೂ ಅಲ್ಲ.

ಎಚ್ಚರವಾದಾಗ ಗಾರ್ಸಿಯಾ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬಾಲ್ಯದಲ್ಲೇ ಬಲಗೈಯ ನಡುಬೆರಳಿನ ಬಹುಭಾಗ ಕಳೆದುಕೊಂಡು, ಉಳಿದ ಬೆರಳುಗಳಲ್ಲೇ ತನ್ನದೊಂದು ಶೈಲಿ ಕಟ್ಟಿಕೊಂಡ ಮನುಷ್ಯ. ನಲವತ್ತನಾಲ್ಕನೆಯ ವಯಸ್ಸಿಗೆ ಅದನ್ನೆಲ್ಲ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಗೆಳೆಯ, ಕೀಬೋರ್ಡ್ ವಾದಕ ಮರ್ಲ್ ಸಾಂಡರ್ಸ್ ಜೊತೆಗೆ ಕೂತು ಹಳೆಯ ಹಾಡುಗಳನ್ನು ಒಂದೊಂದಾಗಿ ನೆನಪಿಗೆ ತರಿಸಿದರು. ಅದೇ ಡಿಸೆಂಬರಿನಲ್ಲಿ ಗಾರ್ಸಿಯಾ ಗ್ರೇಟ್‌ಫುಲ್ ಡೆಡ್ ಜೊತೆ ಮತ್ತೆ ವೇದಿಕೆ ಹತ್ತಿದರು. ಒಂಬತ್ತು ವರ್ಷಗಳ ನಂತರ, 1995ರಲ್ಲಿ, ಐವತ್ಮೂರರ ಪ್ರಾಯದಲ್ಲಿ ಹೃದಯಾಘಾತದಿಂದ ಹೋದರು. ಅಷ್ಟನ್ನೂ ಸಕ್ಕರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೆರಾಯಿನ್ ಮತ್ತು ಸಿಗರೇಟು ತಮ್ಮ ಪಾಲಿನ ಕೆಲಸ ಮಾಡಿದ್ದವು, ಅವರು ಕೊನೆಯುಸಿರೆಳೆದುದು ವ್ಯಸನಮುಕ್ತಿ ಕೇಂದ್ರದಲ್ಲಿ.

ದೊಡ್ಡ ರಕ್ತನಾಳಗಳ ಕಥೆ ಬೇರೆ. ಅಲ್ಲಿ ಸಕ್ಕರೆ ಒಂಟಿಯಾಗಿ ಬರುವುದಿಲ್ಲ, ರಕ್ತದೊತ್ತಡವನ್ನೂ ಕೊಲೆಸ್ಟರಾಲನ್ನೂ ಕೂಡಿಕೊಂಡು ಬರುತ್ತದೆ. ಸಕ್ಕರೆಯಿಂದ ನಾಳದ ಒಳಪದರದ ನಯ ಕೆಡುತ್ತದೆ, ಕೆಟ್ಟ ಜಾಗದಲ್ಲಿ ಕೊಬ್ಬು ಸೇರುತ್ತದೆ, ಒತ್ತಡ ಮೇಲಿಂದ ಗುದ್ದುತ್ತಿರುತ್ತದೆ. ಲೂಥರ್ ವ್ಯಾಂಡ್ರಾಸ್ ಅವರಿಗೆ ಸಕ್ಕರೆಯೂ ಇತ್ತು, ಒತ್ತಡವೂ ಇತ್ತು. ನ್ಯೂಯಾರ್ಕಿನ ಈ ಗಾಯಕನ ತೂಕ ನೂರು ಪೌಂಡಿಗೂ ಮೀರಿ ಇಳಿಯುವುದು, ಮತ್ತೆ ಅಷ್ಟೇ ಏರುವುದು, ಹೀಗೆ ಹಲವು ಸಲ ನಡೆದಿತ್ತು. ಪತ್ರಿಕೆಗಳಿಗೆ ಅವರ ಕಂಠಕ್ಕಿಂತ ಅವರ ಸೊಂಟದ ಸುತ್ತಳತೆಯ ಮೇಲೆ ಹೆಚ್ಚು ಆಸಕ್ತಿ ಇದ್ದಂತೆ ಕಾಣುತ್ತದೆ.

ಲೂಥರ್ ಎಳೆಯ ಹುಡುಗನಾಗಿದ್ದಾಗಲೇ ತಂದೆ ಮಧುಮೇಹದಿಂದ ತೀರಿಕೊಂಡಿದ್ದರು. ಮನೆಯಲ್ಲಿ ತನ್ನನ್ನು ಎತ್ತಿಕೊಂಡು ಕುಣಿಯುತ್ತಿದ್ದ ಆ ತಂದೆಯ ನೆನಪನ್ನೇ ಅವರು ರಿಚರ್ಡ್ ಮಾರ್ಕ್ಸ್ ಜೊತೆ ಸೇರಿ ‘ಡಾನ್ಸ್ ವಿತ್ ಮೈ ಫಾದರ್’ ಎಂಬ ಹಾಡಾಗಿ ಬರೆದರು. ಹಾಡು ಧ್ವನಿಮುದ್ರಣವಾಗಿತ್ತು, ಅದೇ ಹೆಸರಿನ ಆಲ್ಬಮ್ ಇನ್ನೂ ಹೊರಬಂದಿರಲಿಲ್ಲ. 2003ರ ಏಪ್ರಿಲ್ 16ರಂದು, ಐವತ್ತೆರಡು ತುಂಬಲು ನಾಲ್ಕು ದಿನವಿರುವಾಗ, ಅವರಿಗೆ ಪಾರ್ಶ್ವವಾಯು ಬಡಿಯಿತು. ಮಧುಮೇಹ ಕೊಂದ ತಂದೆಯ ಕುರಿತ ಹಾಡು ಅಂಗಡಿಗೆ ಬಂದು ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಮಗ ಅದೇ ರೋಗದಿಂದ ಆಸ್ಪತ್ರೆಯಲ್ಲಿ ಮಲಗಿದ್ದರು. 2004ರ ಗ್ರ್ಯಾಮಿಯಲ್ಲಿ ಅದು ವರ್ಷದ ಹಾಡಾಯಿತು. ಲೂಥರ್ ಬರಲಾಗಲಿಲ್ಲ, ವಿಡಿಯೊದಲ್ಲಿ ಕೆಲವು ಮಾತಾಡಿ ಒಂದು ಸಾಲು ಹಾಡಿದರು. 2005ರ ಜುಲೈ 1ರಂದು ನಿಧನರಾದರು, ವಯಸ್ಸು ಐವತ್ನಾಲ್ಕು. ಅವರ ಅಕ್ಕಂದಿರು, ಅಣ್ಣ ಮೊದಲೇ ಹೋಗಿದ್ದರು. ತಾಯಿ ಮೇರಿ ಐಡಾ ಗಂಡನನ್ನೂ ನಾಲ್ಕೂ ಮಕ್ಕಳನ್ನೂ ಮಣ್ಣು ಮಾಡಿದರು.

ಒಂದೇ ಮನೆಯಲ್ಲಿ ಹೀಗೆ ಆಗುವುದು ಶಾಪವಲ್ಲ. ಟೈಪ್ 2 ಮಧುಮೇಹದಲ್ಲಿ ವಂಶದ ಪಾಲು ದೊಡ್ಡದು. ಆದರೆ ಅಪ್ಪನಿಂದ ಮಗನಿಗೆ ಇಳಿಯುವುದು ಬರಿಯ ವಂಶವಾಹಿಯಲ್ಲ, ಅಡುಗೆಮನೆಯೂ ಇಳಿಯುತ್ತದೆ. ಹಿರಿಯರು ತಿಂದದ್ದನ್ನೇ ಕಿರಿಯರು ತಿನ್ನುತ್ತಾರೆ, ಅದೇ ಅಳತೆಯಲ್ಲಿ, ಅದೇ ಹೊತ್ತಿಗೆ. ಸಂಗೀತಗಾರನಾದರೆ ಆ ಹೊತ್ತು ಇನ್ನೂ ಕೆಡುತ್ತದೆ: ಕಛೇರಿ ಮುಗಿಯುವುದು ನಡುರಾತ್ರಿ, ಊಟ ಒಂದು ಗಂಟೆಗೆ, ನಿದ್ದೆ ಬಸ್ಸಿನಲ್ಲಿ.

ಈಗ 1993ಕ್ಕೆ ಬರುತ್ತೇನೆ. ಆ ವರ್ಷ ಮಧುಮೇಹದ ಇತಿಹಾಸದಲ್ಲಿ ಒಂದು ಗಡಿಕಲ್ಲು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತ್ತು. ಮರುವರ್ಷದ ಜನವರಿಯಲ್ಲಿ ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಚುಚ್ಚಿದ್ದರು. ಸಾಯಬೇಕಾಗಿದ್ದ ಮಕ್ಕಳು ಬದುಕಿದರು, ಬದುಕಿ ದೊಡ್ಡವರಾದ ಮೇಲೆ ಕುರುಡರಾದರು, ಕಿಡ್ನಿ ಕಳೆದುಕೊಂಡರು. ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಇದು ತಪ್ಪುತ್ತದೆಯೋ, ಅಥವಾ ಇದು ರೋಗದ ಹಣೆಬರಹವೋ ಎಂಬುದು ಎಪ್ಪತ್ತು ವರ್ಷ ಬಗೆಹರಿಯದ ಜಗಳವಾಗಿತ್ತು. ಅಮೆರಿಕ ಮತ್ತು ಕೆನಡಾದ 1,441 ಟೈಪ್ 1 ರೋಗಿಗಳನ್ನು ಸರಾಸರಿ ಆರೂವರೆ ವರ್ಷ ಹಿಂಬಾಲಿಸಿದ ಅಧ್ಯಯನವೊಂದು 1993ರಲ್ಲಿ ಆ ಜಗಳ ಮುಗಿಸಿತು. ಬಿಗಿ ಹಿಡಿತದಲ್ಲಿದ್ದವರಿಗೆ ಕಣ್ಣಿನ ಹಾನಿಯ ಅಪಾಯ ಶೇಕಡ 76, ನರಗಳದ್ದು ಶೇಕಡ 60, ಕಿಡ್ನಿಯದ್ದು ಶೇಕಡ 50 ಕಡಿಮೆಯಾಗಿತ್ತು. ಟೈಪ್ 2ರವರಿಗೂ ಹಿಡಿತದಿಂದ ಲಾಭವಿದೆ ಎಂದು ಐದು ವರ್ಷಗಳ ನಂತರ ಬ್ರಿಟನ್ನಿನ ಅಧ್ಯಯನ ತೋರಿಸಿತು.

ಹಿಡಿತವನ್ನು ಅಳೆದದ್ದು ಎಚ್‌ಬಿಎ1ಸಿ ಎಂಬ ಪರೀಕ್ಷೆಯಿಂದ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟೂ ದಿನ ಅದರ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಳ್ಳುತ್ತಲೇ ಇರುತ್ತದೆ. ಎಷ್ಟು ಅಂಟಿದೆ ಎಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಜಾತಕ ಸಿಗುತ್ತದೆ. ನಾಳೆ ಟೆಸ್ಟ್ ಇದೆ ಎಂದು ಎರಡು ದಿನ ಸಿಹಿ ಬಿಟ್ಟು, ಸಂಜೆ ಪಾರ್ಕ್ ಸುತ್ತಿ ಬರುವ ನಮ್ಮ ಯಜಮಾನರ ಜಾಣತನ ಈ ಪರೀಕ್ಷೆಯ ಮುಂದೆ ನಡೆಯುವುದಿಲ್ಲ.

ಅದೇ 1993ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹಿಪ್‌ಹಾಪ್ ತಂಡ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ಮೂರನೆಯ ಆಲ್ಬಮ್ ಬಂತು. ಅದರ ಒಂದು ಹಾಡಿನಲ್ಲಿ ಫೈಫ್ ಡಾಗ್ ತಾನು ಮಧುಮೇಹಿ ಎಂದು ಎದೆ ತಟ್ಟಿಕೊಂಡು ಹೇಳಿದರು. ರ‍್ಯಾಪ್ ಹಾಡುವವರು ಹಣ, ಕಾರು, ಗಂಡಸುತನ ಮೆರೆಸುತ್ತಿದ್ದ ಕಾಲದಲ್ಲಿ ಐದಡಿ ಮೂರಂಗುಲದ ಒಬ್ಬಾತ ತನ್ನ ರೋಗವನ್ನೇ ಬಿರುದು ಮಾಡಿಕೊಂಡ. ಇದು ನನಗೆ ಆ ದಶಕದ ಅತ್ಯಂತ ಧೈರ್ಯದ ಸಾಲುಗಳಲ್ಲಿ ಒಂದಾಗಿ ಕಾಣುತ್ತದೆ. ನಿಜನಾಮ ಮಲಿಕ್ ಟೇಲರ್. 1990ರ ಏಪ್ರಿಲಿನಲ್ಲಿ ತಂಡದ ಮೊದಲ ಆಲ್ಬಮ್ ಬಂದಿತ್ತು, ಮೇ ತಿಂಗಳಿನಲ್ಲಿ ಮಧುಮೇಹ ಪತ್ತೆಯಾಯಿತು. ಆಗ ಅವರಿಗೆ ಹತ್ತೊಂಬತ್ತು.

ಕಿಡ್ನಿಯ ಮೋಸ ಏನೆಂದರೆ ಅದು ತುಂಬಾ ಉದಾರಿ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುಜಾಲಗಳು. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ಸೋಸುತ್ತವೆ. ಸಕ್ಕರೆಯಿಂದ ಒಂದಷ್ಟು ಜಾಲಗಳು ಸತ್ತರೆ ಉಳಿದವು ಹೆಚ್ಚು ದುಡಿಯುತ್ತವೆ, ಮನೆಯಲ್ಲಿ ಒಬ್ಬನ ಸಂಬಳ ನಿಂತಾಗ ಉಳಿದವರು ದುಡಿಯುವ ಹಾಗೆ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರುವ ಹೊತ್ತಿಗೆ ಅರ್ಧದಷ್ಟು ಸಾಮರ್ಥ್ಯ ಹೋಗಿರುತ್ತದೆ. ಅದಕ್ಕೂ ವರ್ಷಗಳ ಮೊದಲೇ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ತುಸು ತುಸುವೇ ಸೋರಲು ಶುರುವಾಗಿರುತ್ತದೆ, ಆದರೆ ಹುಡುಕಿದರೆ ಮಾತ್ರ ಕಾಣುತ್ತದೆ. ಫೈಫ್ ಡಯಾಲಿಸಿಸ್ ಹಂತ ತಲುಪಿದರು. ಸಕ್ಕರೆ ತನಗೆ ಮಾದಕ ವಸ್ತುವಿನಂಥ ಚಟವಾಗಿತ್ತೆಂದು ತಂಡದ ಕುರಿತ ಸಾಕ್ಷ್ಯಚಿತ್ರದಲ್ಲಿ ಅವರೇ ಹೇಳಿಕೊಂಡರು. 2008ರಲ್ಲಿ ಹೆಂಡತಿಯೇ ತನ್ನ ಒಂದು ಕಿಡ್ನಿ ಕೊಟ್ಟರು. ಕಸಿ ಮಾಡಿದ ಕಿಡ್ನಿಗೂ ಬರುವುದು ಅದೇ ಮೈಯ ಅದೇ ಸಕ್ಕರೆಯ ರಕ್ತ. ಕಿಡ್ನಿ ಹೊಸದಾಯಿತೆಂದು ಮಧುಮೇಹ ಹಳೆಯದಾಗುವುದಿಲ್ಲ. 2016ರ ಮಾರ್ಚ್ 22ರಂದು, ತಂಡದ ಕೊನೆಯ ಆಲ್ಬಮ್ ಇನ್ನೂ ತಯಾರಾಗುತ್ತಿರುವಾಗಲೇ, ಫೈಫ್ ತೀರಿಕೊಂಡರು. ನಲವತ್ತೈದು ವರ್ಷ. ನವೆಂಬರಿನಲ್ಲಿ ಆಲ್ಬಮ್ ಬಂದಾಗ ಅವರು ಹಾಡಿಟ್ಟಿದ್ದ ಸಾಲುಗಳು ಅದರಲ್ಲಿದ್ದವು, ಅದೂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

1993ರ ಇನ್ನೊಂದು ಸುದ್ದಿ ಎಲಾ ಫಿಟ್ಜರಲ್ಡ್ ಅವರದ್ದು. ಜಾಝ್ ಲೋಕದ ಈ ಮಹಾಗಾಯಕಿಯ ಎರಡೂ ಕಾಲುಗಳನ್ನು ಆ ವರ್ಷ ಮಂಡಿಯ ಕೆಳಗೆ ಕತ್ತರಿಸಿದರು. ‘ಅಕಾಲ ಮರಣ’ ಎಂಬ ಮಾತು ಅವರಿಗೆ ಸಲ್ಲದು. 1996ರಲ್ಲಿ ಹೋದಾಗ ಎಪ್ಪತ್ತೊಂಬತ್ತಾಗಿತ್ತು. ಆದರೆ ಕಣ್ಣು ಕೈಕೊಡಲು ಶುರುವಾದದ್ದು ಎಪ್ಪತ್ತರ ದಶಕದ ಆರಂಭದಲ್ಲೇ. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಇಪ್ಪತ್ತು ವರ್ಷ ಹಾಡಿದರು, ಹೃದಯದ ಶಸ್ತ್ರಚಿಕಿತ್ಸೆಯ ನಂತರವೂ ಹಾಡಿದರು. ಈ ರೋಗ ಅವರ ಆಯಸ್ಸಿಗಿಂತ ಮೊದಲು ವೇದಿಕೆಯನ್ನು ಕಸಿದುಕೊಂಡಿತು.

ಕಾಲೇ ಏಕೆ? ಬೆನ್ನುಹುರಿಯ ಬುಡದಿಂದ ಕಾಲ್ಬೆರಳಿನ ತುದಿಗೆ ಹೋಗುವ ನರ ಸುಮಾರು ಒಂದು ಮೀಟರ್ ಉದ್ದ, ಮೈಯಲ್ಲೇ ಅತಿ ಉದ್ದದ್ದು. ಉದ್ದದ ತಂತಿ ಮೊದಲು ಕೆಡುತ್ತದೆ. ಹಾಗಾಗಿ ಜೋಮು ಬೆರಳ ತುದಿಯಲ್ಲಿ ಶುರುವಾಗಿ ಕಾಲುಚೀಲದ ಹಾಗೆ ಮೇಲಕ್ಕೆ ಏರುತ್ತದೆ. ಶೂ ಒಳಗೆ ಸೇರಿದ ಕಲ್ಲಿನ ಚೂರು ದಿನವಿಡೀ ಒತ್ತಿದರೂ ತಿಳಿಯುವುದಿಲ್ಲ. ಹುಣ್ಣಾದರೆ, ಸಪೂರವಾದ ನಾಳಗಳಲ್ಲಿ ಅದನ್ನು ಮಾಗಿಸುವಷ್ಟು ರಕ್ತ ಬರುವುದಿಲ್ಲ. ಏರಿದ ಸಕ್ಕರೆಯಲ್ಲಿ ಬಿಳಿ ರಕ್ತಕಣಗಳು ಸೋಮಾರಿಯಾಗುತ್ತವೆ, ಸೋಂಕು ಹಬ್ಬುತ್ತದೆ. ನೋವಿಲ್ಲದ ಕಾರಣ ಮನುಷ್ಯ ಆಸ್ಪತ್ರೆಗೆ ಹೋಗುವಾಗ ಬೆರಳು ಕಪ್ಪಾಗಿರುತ್ತದೆ.

ಟೆಕ್ಸಸ್‌ನ ಕಂಟ್ರಿ ಗಾಯಕ ವೇಲನ್ ಜೆನ್ನಿಂಗ್ಸ್ ಅವರದ್ದು ಹೀಗೇ. 1959ರ ಫೆಬ್ರುವರಿಯಲ್ಲಿ ರಾಕ್ ಗಾಯಕ ಬಡ್ಡಿ ಹಾಲಿ ಹತ್ತಿದ ವಿಮಾನದಲ್ಲಿ ತನ್ನ ಸೀಟನ್ನು ಜ್ವರದಲ್ಲಿದ್ದ ಜೊತೆಗಾರನಿಗೆ ಬಿಟ್ಟುಕೊಟ್ಟು, ವಿಮಾನ ಬಿದ್ದಾಗ ಬದುಕುಳಿದ ಇಪ್ಪತ್ತೊಂದರ ಹುಡುಗ ಇವರೇ. ಆಕಾಶದಿಂದ ತಪ್ಪಿಸಿಕೊಂಡದ್ದು ನಲವತ್ತೆರಡು ವರ್ಷದ ನಂತರ ಪಾದದಿಂದ ಬಂತು. 2001ರ ಡಿಸೆಂಬರಿನಲ್ಲಿ ಎಡ ಪಾದ ತೆಗೆದರು. ಎರಡು ತಿಂಗಳಾಗುವಷ್ಟರಲ್ಲಿ, ಅರವತ್ನಾಲ್ಕರ ಪ್ರಾಯದಲ್ಲಿ, ನಿದ್ದೆಯಲ್ಲೇ ಹೋದರು.

ಗಾಯಕ, ಗಿಟಾರ್ ವಾದಕ ಕರ್ಟಿಸ್ ಮೇಫೀಲ್ಡ್ ಅವರ ವಿಷಯ ಇವೆಲ್ಲಕ್ಕಿಂತ ಕಠೋರ. 1990ರ ಆಗಸ್ಟ್ 13ರಂದು ಬ್ರೂಕ್ಲಿನ್‌ನ ಬಯಲು ಕಛೇರಿಯೊಂದರಲ್ಲಿ ಗಾಳಿಗೆ ದೀಪಗಳ ಚೌಕಟ್ಟು ಅವರ ಮೇಲೆ ಕುಸಿಯಿತು. ಕತ್ತಿನಿಂದ ಕೆಳಗೆ ಮೈ ಸ್ವಾಧೀನ ತಪ್ಪಿತು, ಗಿಟಾರ್ ಅಲ್ಲಿಗೆ ಮುಗಿಯಿತು. ಆದರೂ 1996ರಲ್ಲಿ ಒಂದು ಆಲ್ಬಮ್ ತಂದರು: ಅಂಗಾತ ಮಲಗಿಕೊಂಡು, ಶ್ವಾಸಕೋಶಕ್ಕೆ ಅಷ್ಟಿಷ್ಟು ಗಾಳಿ ಸೇರಿದಾಗಲೆಲ್ಲ ಒಂದೊಂದೇ ಸಾಲು ಹಾಡಿ ಮುದ್ರಿಸಿಕೊಟ್ಟರು. ಅಪಘಾತಕ್ಕೂ ಮಧುಮೇಹಕ್ಕೂ ಏನು ಸಂಬಂಧ ಎನ್ನಿಸಬಹುದು. ಊಟದ ಸಕ್ಕರೆಯ ಅತಿ ದೊಡ್ಡ ಪಾಲನ್ನು ನುಂಗುವುದು ಸ್ನಾಯು. ಸ್ನಾಯು ಅಲುಗಾಡುವುದನ್ನೇ ನಿಲ್ಲಿಸಿದರೆ ಸಕ್ಕರೆಗೆ ಹೋಗಲು ಜಾಗವಿರುವುದಿಲ್ಲ. ಬೆನ್ನುಹುರಿ ಪೆಟ್ಟಾದವರಲ್ಲಿ ಮಧುಮೇಹ ಹೆಚ್ಚು ಕಾಣಿಸಿಕೊಳ್ಳುವುದು ಇದರಿಂದ. 1998ರಲ್ಲಿ ಮೇಫೀಲ್ಡ್ ಅವರ ಬಲಗಾಲನ್ನು ಮಧುಮೇಹಕ್ಕೆ ಕೊಡಬೇಕಾಯಿತು. ಮರುವರ್ಷದ ಡಿಸೆಂಬರ್ 26ರಂದು, ಐವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಬೇರೆ ಮಧುಮೇಹಿಗಳಿಗೆ ಹತ್ತಾರು ವರ್ಷ ತೆಗೆದುಕೊಂಡು ಪಾದದಿಂದ ಮೇಲೇರುವ ಜಡತನ ಅವರಿಗೆ ಒಂದೇ ಸಂಜೆಯಲ್ಲಿ ಮೇಲಿನಿಂದ ಇಳಿದಿತ್ತು.

ಪಾದದಲ್ಲಿ ಆ ಜಡತನ ಶುರುವಾಗಿದೆಯೇ ಎಂದು ವೈದ್ಯರು ನೋಡುವ ಬಗೆಯೊಂದಿದೆ. 1711ರಲ್ಲಿ ಇಂಗ್ಲೆಂಡಿನ ಅರಮನೆಯ ಕಹಳೆಗಾರ ಜಾನ್ ಶೋರ್ ವಾದ್ಯಗಳನ್ನು ಶ್ರುತಿ ಮಾಡಲೆಂದು ಕಂಡುಹಿಡಿದ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಅದಕ್ಕೆ ಸಾಕು. ಮಧುಮೇಹದ ತಪಾಸಣೆಗೆ ಬಳಸುವುದು ಸೆಕೆಂಡಿಗೆ 128 ಸಲ ಕಂಪಿಸುವಂಥದ್ದು. ರೋಗಿಯನ್ನು ಕಣ್ಣು ಮುಚ್ಚಲು ಹೇಳುತ್ತಾರೆ. ಕವೆಯನ್ನು ತಟ್ಟಿ, ಅದರ ಬುಡವನ್ನು ಕಾಲಿನ ಹೆಬ್ಬೆರಳಿನ ಮೂಳೆಯ ಮೇಲೆ ಊರುತ್ತಾರೆ. ಕಂಪನ ನಿಂತ ಕೂಡಲೇ ಹೇಳಬೇಕು. ‘ನಿಂತಿತು’ ಎನ್ನುತ್ತಾನೆ ರೋಗಿ. ವೈದ್ಯರು ಕವೆಯನ್ನು ಎತ್ತಿ ತಮ್ಮ ಹೆಬ್ಬೆರಳಿನ ಮೇಲೆ ಇಟ್ಟುಕೊಂಡು ನೋಡುತ್ತಾರೆ. ಅದು ಇನ್ನೂ ಮಿಡಿಯುತ್ತಿರುತ್ತದೆ.